ಗರ್ಭಸ್ಥ ಶಿಶುವಿನ ಮಿದುಳನ್ನು ಕಾಣುವ ಬಗೆ

ಗರ್ಭದಲ್ಲಿ ಶಿಶುವಿನ ಯಾವ ಅಂಗವು ಮೊದಲು ಹುಟ್ಟುವುದೆಂಬ ಪ್ರಶ್ನೆಯು ನಮ್ಮ ಪ್ರಾಚೀನ ವೈದ್ಯರಲ್ಲಿ ದೊಡ್ಡದೊಂದು ಚರ್ಚೆಗೆ ಎಡೆಗೊಟ್ಟಿದ್ದಿತು. ಸುಶ್ರುತಸಂಹಿತೆಯ ಶಾರೀರಸ್ಥಾನವನ್ನು ಓದಿದವರು ಇದನ್ನು ಬಲ್ಲರು. ಶಿರಸ್ಸೇ ಮೊದಲೆಂದು ಶೌನಕನು ಹೇಳುವನು, ಹೃದಯವೆಂದು ಕೃತವೀರ್ಯನು, ನಾಭಿಯೆಂದು ಪಾರಾಶರ್ಯನು, ಕೈಕಾಲುಗಳೆಂದು ಮಾರ್ಕಂಡೇಯನು. ಕೊನೆಗೆ ಧನ್ವಂತರಿಯು ಇವರೆಲ್ಲರ ಮತಗಳನ್ನೂ ತಳ್ಳಿ, ಅಂಗಗಳೆಲ್ಲವೂ ಏಕಕಾಲದಲ್ಲಿಯೇ ಉಂಟಾಗುವುವೆಂದೂ, ಗರ್ಭವು ಅತಿ ಸೂಕ್ಷ್ಮವಾದುದರಿಂದ ಅವು ನಮ್ಮ ಕಣ್ಣಿಗೆ ಬೇರೆ ಬೇರೆಯಾಗಿ ತೋರುವುದಿಲ್ಲವೆಂದೂ ತೀರ್ಮಾನಿಸುವನು. ಎಳೆಯ ಮಾವಿನ ಮಿಡಿಯಲ್ಲಿ ತಿರುಳು, ನಾರು, ಓಟೆಗಳು ಇದ್ದೂ ಕಾಣದಿರುವುದನ್ನು ಅವನು ದೃಷ್ಟಾಂತವಾಗಿ ಕೊಡುವನು.

ಈ ವಾದದಲ್ಲಿ ಗೆದ್ದವರಾರೆಂಬುದು ಇಲ್ಲಿ ನಮ್ಮ ವಿಷಯವಲ್ಲ. ಇರುವ ವಸ್ತುವು ಕಾಣದಿರುವುದಕ್ಕೆ ಅದರ ಸೂಕ್ಷ್ಮತೆಯೇ ಕಾರಣವೆಂದು ಧನ್ವಂತರಿಯು ಹೇಳಿದನಷ್ಟೆ. ಗರ್ಭಸ್ಥ ಶಿಶುವಿನ ಮಿದುಳಿನ ವಿಷಯದಲ್ಲಿ ಇಂದಿನ ವೈದ್ಯರು ಎರಡನೆಯದೊಂದು ಕಾರಣವನ್ನೂ ಎದುರಿಸಬೇಕಾಗಿದೆ. ಶಿಶುವು ಸುಮ್ಮನಿರದು. ಅದು ಹೊರಳುವುದು, ತಲೆಯಾಡಿಸುವುದು, ಬಿಕ್ಕಳಿಸುವುದು, ಬೆರಳು ಚೀಪುವುದು. ಐದನೆಯ ತಿಂಗಳಿನಲ್ಲಿ ಒಂದು ಮೂಸಂಬಿಗಿಂತ ದೊಡ್ಡದಲ್ಲದ ಆ ತಲೆಯೊಳಗಿನ ಮಿದುಳನ್ನು, ಅದು ಅಲುಗುತ್ತಿರುವಾಗಲೇ, ತಾಯಿಯ ಒಡಲಿನ ಹೊರಗಿನಿಂದ ಚಿತ್ರಿಸುವುದು ಹೇಗೆ? ಕಳೆದ ನಾಲ್ವತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರಗಳನ್ನು ನಮ್ಮ ವಾಚಕರಿಗೆ, ಅದರಲ್ಲಿಯೂ ವಾಚಕ ಸೋದರಿಯರಿಗೆ, ತಿಳಿಯಹೇಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಬಸಿರಿಯರಿಗೆ ಮಾಡುವ ಸ್ಕ್ಯಾನಿಂಗನ್ನು ಈಗ ಅರಿಯದವರಿಲ್ಲ. ಕಿವಿಗೆ ಕೇಳದ ಶಬ್ದತರಂಗಗಳನ್ನು ಒಡಲೊಳಕ್ಕೆ ಬಿಟ್ಟು, ಅವು ಮರಳಿ ಬರುವುದನ್ನು ಚಿತ್ರವಾಗಿಸುವ ಈ ಅಲ್ಟ್ರಾಸೌಂಡ್ ವಿಧಾನವನ್ನು ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿವೈದ್ಯರು ೧೯೫೮ರಲ್ಲಿ ಲೋಕಕ್ಕೆ ಪ್ರಕಟಿಸಿದರು. ಅದು ಸುಲಭವಾದುದು, ಅಲ್ಪವ್ಯಯದ್ದು, ಚಲನೆಗೆ ಅಂಜದುದು. ಮೊದಲ ಪರೀಕ್ಷೆಯು ಎಂದಿಗೂ ಅದೇ ಆಗಿರತಕ್ಕದ್ದು. ಆದರೆ ತಿಂಗಳು ತುಂಬಿದಂತೆಲ್ಲ ಶಿಶುವಿನ ತಲೆಯೆಲುಬು ಗಟ್ಟಿಯಾಗುತ್ತ ಬಂದು ಶಬ್ದವನ್ನು ತಡೆಯುವುದು. ಶಿಶುವು ತಲೆಯನ್ನು ತಾಯಿಯ ಸೊಂಟದೆಲುಬಿನ ನಡುವೆ ಇಳಿಸಿಕೊಂಡಿದ್ದರೆ, ಅಥವಾ ತಾಯಿಯು ಸ್ಥೂಲಕಾಯಳಾಗಿದ್ದರೆ, ಚಿತ್ರವು ಮಸುಕಾಗುವುದು. ಆಗ ವೈದ್ಯರು "ಸಂಶಯವಿದೆ" ಎನ್ನುವರು. ಈ ಒಂದು ಮಾತು ಒಂದು ಮನೆಯನ್ನು ಏನು ಮಾಡಬಲ್ಲುದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ನಮಗೆ ಬಹುಕಾಲದಿಂದ ಪರಿಚಿತವಾದ ಮನೆಯೊಂದರಲ್ಲಿ, ಕೆಲವು ವರ್ಷಗಳ ಹಿಂದೆ, ಸೊಸೆಯು ಚೊಚ್ಚಲ ಬಸಿರಿ. ಇಪ್ಪತ್ತೆರಡನೆಯ ವಾರದ ಸ್ಕ್ಯಾನಿಂಗಿನಲ್ಲಿ ಶಿಶುವಿನ ಮಿದುಳಿನ ಕುಹರವೊಂದು ೧೧ ಮಿಲಿಮೀಟರ್ ಅಗಲವಿದೆಯೆಂದು ಬಂದಿತು. ಮಿದುಳಿನ ಒಳಗೆ ನೀರು ತುಂಬಿದ ಕುಹರಗಳುಂಟು; ವೈದ್ಯರು ಅವನ್ನು ವೆಂಟ್ರಿಕಲ್ ಎನ್ನುವರು. ಅವುಗಳ ಅಗಲವು ೧೦ ಮಿಲಿಮೀಟರಿಗಿಂತ ಕಡಮೆಯಿದ್ದರೆ ಸಹಜ. ೧೫ನ್ನು ಮೀರಿದರೆ ಕಠಿನ. ನಡುವಿನದು ಸಂಶಯದ ಸೀಮೆ. ಆ ಸಂಜೆ ಅತ್ತೆಯಾದವರು ನಮ್ಮಲ್ಲಿಗೆ ಬಂದು, "ಮೇಷ್ಟ್ರೇ, ಮಿದುಳಿನಲ್ಲಿ ನೀರು ಸೇರಿದೆಯಂತೆ. ಮಗು ಉಳಿಯುತ್ತದೆಯೆ? ಉಳಿದರೂ ಮಾತು ಬರುತ್ತದೆಯೆ?" ಎಂದು ಕೇಳಿದರು. ನಾವು ಏನು ಹೇಳಬಲ್ಲೆವು? ವೈದ್ಯರು ಎಂ.ಆರ್.ಐ. ಮಾಡಿಸಿರೆಂದರು. ಮಾಡಿಸಿದರು; ಆದರೆ ಆ ದಿನ ಶಿಶುವು ಒಂದೇ ಸಮನೆ ಹೊರಳಿದುದರಿಂದ ಚಿತ್ರಗಳು ಕೆಟ್ಟುವು. ಎರಡು ದಿನ ಬಿಟ್ಟು ಬರಹೇಳಿದರು. ಆ ಎರಡು ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಎರಡನೆಯ ಬಾರಿ ಚಿತ್ರವು ತಿಳಿಯಾಗಿ ಬಂದಿತು. ಕುಹರವು ತುಸು ಅಗಲವಿರುವುದು ನಿಜ. ಬೇರೆ ಯಾವ ದೋಷವೂ ಇಲ್ಲ. ಮಿದುಳಿನ ಎಡಬಲ ಭಾಗಗಳನ್ನು ಕೂಡಿಸುವ, ಕಾರ್ಪಸ್ ಕ್ಯಾಲೋಸಮ್ ಎಂಬ ನರತಂತುಗಳ ಸೇತುವೆಯು ಪೂರ್ಣವಾಗಿದೆ. ಇಂಥ ಶಿಶುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಹಜವಾಗಿ ಬೆಳೆಯುವುವೆಂದು ವೈದ್ಯರು ಧೈರ್ಯ ಹೇಳಿದರು. ಆ ಹುಡುಗಿ ಈಗ ಎರಡನೆಯ ತರಗತಿಯಲ್ಲಿ ಓದುತ್ತಿದ್ದಾಳೆ, ಮಾತಿನಮಲ್ಲಿ.

ಇನ್ನೊಂದು ಮನೆಗೆ ಅದೇ ಯಂತ್ರವು ಬೇರೆ ಸುದ್ದಿಯನ್ನು ತಂದೀತು. ಆ ಸೇತುವೆಯೇ ಇಲ್ಲದಿರಬಹುದು; ಮಿದುಳಿನ ಹೊರಪದರವು ಮಡಿಕೆಗೊಳ್ಳದೆ ಉಳಿದಿರಬಹುದು. ಆಗಲೂ ತಿಳಿಯುವುದೇ ಮೇಲೆಂದು ನಮ್ಮ ಅಭಿಪ್ರಾಯ. ಹೆರಿಗೆಯನ್ನು ಎಲ್ಲಿ ಮಾಡಿಸಬೇಕು, ಹುಟ್ಟಿದೊಡನೆ ಯಾವ ವೈದ್ಯರು ಬಳಿಯಲ್ಲಿರಬೇಕು ಎಂಬುದಾದರೂ ಗೊತ್ತಾಗುವುದು. ಇಷ್ಟೇ ಅಲ್ಲ. ನಮ್ಮ ದೇಶದಲ್ಲಿ ೧೯೭೧ರ ವೈದ್ಯಕೀಯ ಗರ್ಭಸಮಾಪ್ತಿ ಕಾಯಿದೆಯನ್ನು ೨೦೨೧ರಲ್ಲಿ ತಿದ್ದಿದಾಗ, ೨೪ ವಾರಗಳ ಅನಂತರ ಶಿಶುವಿನಲ್ಲಿ ಗುರುತರವಾದ ವೈಕಲ್ಯವಿದೆಯೆಂದು ವೈದ್ಯಮಂಡಲಿಯು ನಿರ್ಣಯಿಸಿದರೆ ಮಾತ್ರವೇ ಆ ಕಾರಣದಿಂದ ಗರ್ಭವನ್ನು ತೆಗೆಯಬಹುದೆಂದು ವಿಧಿಸಿದರು. ಹೀಗಾಗಿ ಒಂದು ಮಸುಕು ಚಿತ್ರದ ಮೇಲೆ ಒಂದು ಜೀವದ ನಿರ್ಣಯವು ನಿಂತಿರುವ ದಿನಗಳೂ ಉಂಟು. ಇರುವ ದೋಷವನ್ನು ಕಾಣದೆ ಹೋಗುವುದು ಒಂದು ಅನರ್ಥ. ಇಲ್ಲದ ದೋಷವನ್ನು ಕಂಡೆವೆನ್ನುವುದು ಅದಕ್ಕಿಂತಲೂ ಘೋರವಾದುದು.

ಇನ್ನು ಎಂ.ಆರ್.ಐ. ಎಂದರೇನು? ನಮ್ಮ ದೇಹದ ಬಹುಭಾಗವು ನೀರು. ನೀರಿನಲ್ಲಿರುವ ಹೈಡ್ರೊಜನ್ ಪರಮಾಣುವಿನ ನಡುಬೀಜವಾದ ಪ್ರೋಟಾನು ಒಂದು ಅತ್ಯಲ್ಪವಾದ ಸೂಜಿಗಲ್ಲಿನಂತೆಯೂ, ತಿರುಗುವ ಬುಗುರಿಯಂತೆಯೂ ವರ್ತಿಸುವುದು. ಬಲವಾದ ಅಯಸ್ಕಾಂತದ ನಡುವೆ ಮನುಷ್ಯನನ್ನು ಮಲಗಿಸಿದರೆ ಈ ಬುಗುರಿಗಳಲ್ಲಿ ಒಂದು ಸಣ್ಣ ಪಾಲು ಅದರ ದಿಕ್ಕಿಗೆ ವಾಲುವುವು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ೧.೫ ಟೆಸ್ಲಾ ಅಯಸ್ಕಾಂತವು ಭೂಮಿಯ ಅಯಸ್ಕಾಂತಶಕ್ತಿಗಿಂತ ಸುಮಾರು ಮೂವತ್ತು ಸಾವಿರ ಪಟ್ಟು ಬಲವಾದುದು. ಅದರಲ್ಲಿ ಈ ಬುಗುರಿಗಳು ಸೆಕೆಂಡಿಗೆ ಸುಮಾರು ೬೪೦ ಲಕ್ಷ ಬಾರಿ ಓಲಾಡುವುವು. ಅದೇ ಲಯದ ರೇಡಿಯೋ ತರಂಗವನ್ನು ಬಿಟ್ಟೊಡನೆ ಅವು ಅದನ್ನು ಹೀರಿ, ಬಿಟ್ಟ ಮೇಲೆ ಮರಳಿ ನುಡಿಯುವುವು. ಆ ನುಡಿಯನ್ನು ಗ್ರಹಿಸಿ ಗಣಕಯಂತ್ರವು ಚಿತ್ರ ಬರೆಯುವುದು. ಎಕ್ಸ್‌ರೇ ಕಿರಣಗಳಿಗೆ ಇಲ್ಲಿ ಕೆಲಸವಿಲ್ಲ. ಗರ್ಭಿಣಿಯರಿಗೆ ಇದನ್ನು ಮಾಡಬಹುದಾದುದು ಆದುದರಿಂದಲೇ.

ಪ್ರೋಟಾನುಗಳ ಈ ಮರುನುಡಿಯನ್ನು ೧೯೪೬ರಲ್ಲಿ ಅಮೆರಿಕದ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಎಂಬವರು ಬೇರೆ ಬೇರೆಯಾಗಿ ಕಂಡುಹಿಡಿದರು. ಅದರಿಂದ ಚಿತ್ರ ಬರೆಯಬಹುದೆಂದು ಪಾಲ್ ಲಾಟರ್ಬರ್ ೧೯೭೩ರಲ್ಲಿ ತೋರಿಸಿದರು. ಅವರ ಮೊದಲ ಚಿತ್ರವು ನೀರು ತುಂಬಿದ ಎರಡು ಸಣ್ಣ ಕೊಳವೆಗಳದ್ದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಪೀಟರ್ ಮ್ಯಾನ್ಸ್‌ಫೀಲ್ಡರು ಚಿತ್ರವನ್ನು ಬಹು ಶೀಘ್ರವಾಗಿ ತೆಗೆಯುವ ಉಪಾಯವನ್ನು ಕೊಟ್ಟರು. ಇವರಿಬ್ಬರಿಗೂ ೨೦೦೩ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಗರ್ಭಿಣಿಯರ ಮೊದಲ ಚಿತ್ರಗಳನ್ನು ೧೯೮೩ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನ ವೈದ್ಯರು ಪ್ರಕಟಿಸಿದರು.

ಆ ಕಾಲದಲ್ಲಿ ಒಂದು ಚಿತ್ರಕ್ಕೆ ಹಲವು ನಿಮಿಷಗಳು ಬೇಕಾಗುತ್ತಿದ್ದುವು. ಅಷ್ಟು ಹೊತ್ತು ಸುಮ್ಮನಿರೆಂದು ಶಿಶುವಿಗೆ ಹೇಳುವವರಾರು? ಕೆಲವೆಡೆ ತಾಯಿಗೆ ಮಂಪರಿನ ಔಷಧವನ್ನು ಕೊಟ್ಟರು. ಇನ್ನು ಕೆಲವೆಡೆ ಹೊಕ್ಕುಳಬಳ್ಳಿಯ ರಕ್ತನಾಳದ ಮೂಲಕ ಶಿಶುವಿಗೇ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಮದ್ದನ್ನು ಹಾಕಿ, ಅದನ್ನು ಅಲುಗದಂತೆ ಮಾಡಿ ಚಿತ್ರ ತೆಗೆದರು. ಅವರ ಉದ್ದೇಶವು ಒಳ್ಳೆಯದೇ. ಆದರೂ ನೋಡುವುದಕ್ಕೋಸ್ಕರ ಹಸುಳೆಯ ಕೈಕಾಲನ್ನು ಕಟ್ಟುವ ಈ ವಿಧಾನವು ಹೆಚ್ಚು ಕಾಲ ನಿಲ್ಲಲಿಲ್ಲವೆಂಬುದು ನಮಗೆ ಸಮಾಧಾನದ ಸಂಗತಿ. ಮುಂದಿನ ಪ್ರಗತಿಯೆಲ್ಲವೂ ಇದಕ್ಕೆ ವಿರುದ್ಧವಾದ ದಾರಿಯಲ್ಲಿ ನಡೆಯಿತು. ಶಿಶುವನ್ನು ನಿಲ್ಲಿಸುವುದು ಬೇಡ; ಅದು ಆಡುತ್ತಿರಲಿ; ಅದರ ಆಟವನ್ನು ನಾವೇ ಲೆಕ್ಕಕ್ಕೆ ತೆಗೆದುಕೊಳ್ಳೋಣ, ಎಂದು.

ಮೊದಲನೆಯ ಹೆಜ್ಜೆಯು ವೇಗ. ೧೯೯೦ರ ದಶಕದಲ್ಲಿ, ಒಂದೇ ಪ್ರಚೋದನೆಯಿಂದ ಒಂದು ಇಡೀ ಚಿತ್ರವನ್ನು ಒಂದು ಸೆಕೆಂಡಿನೊಳಗಾಗಿ ತೆಗೆಯುವ ವಿಧಾನವು ಬಳಕೆಗೆ ಬಂದಿತು. ಸೆಕೆಂಡಿನಲ್ಲಿ ಶಿಶುವು ಎಷ್ಟು ಅಲುಗೀತು? ಚಿತ್ರಗಳು ತಿಳಿಯಾದುವು. ಆದರೆ ಒಂದೊಂದು ಚಿತ್ರವೂ ಮಿದುಳಿನ ಒಂದೊಂದು ಬಿಲ್ಲೆಯದು, ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಂತೆ. ಬಿಲ್ಲೆಯ ದಪ್ಪವು ಮೂರು ನಾಲ್ಕು ಮಿಲಿಮೀಟರು. ಒಂದು ಬಿಲ್ಲೆಯನ್ನು ತೆಗೆದೊಡನೆ ಪಕ್ಕದ್ದನ್ನು ತೆಗೆದರೆ ಮೊದಲನೆಯದರ ಪ್ರಚೋದನೆಯು ಎರಡನೆಯದನ್ನು ಕೆಡಿಸುವುದರಿಂದ, ಒಂದು, ಮೂರು, ಐದು ಎಂದು ಬೆಸವನ್ನು ಮುಗಿಸಿಕೊಂಡು, ಅನಂತರ ಸಮಕ್ಕೆ ಬರುವರು. ಇಷ್ಟರಲ್ಲಿ ಶಿಶುವು ತಲೆ ತಿರುಗಿಸಿರುವುದು. ಆದುದರಿಂದ ಒಂದನೆಯ ಬಿಲ್ಲೆಗೂ ಎರಡನೆಯದಕ್ಕೂ ಹೊಂದಿಕೆಯಿರದು. ಬಿಡಿಬಿಡಿಯಾಗಿ ಸುಂದರವಾದ ಚಿತ್ರಗಳು. ಒಂದರ ಮೇಲೊಂದು ಪೇರಿಸಿದರೆ ಹಲ್ಲುಹಲ್ಲಾದ ಗೋಡೆ. ಅದರಲ್ಲಿ ಅಳತೆ ಹಿಡಿಯುವುದು ಹೇಗೆ?

ಇದಕ್ಕೆ ಕಂಡುಕೊಂಡ ಪರಿಹಾರವೇ ಈ ವಿಷಯದ ಸಾರ. ನಮಗೆ ಅದನ್ನು ಮೊದಲ ಸಲ ಓದಿದಾಗ ಹಳೆಯ ತಾಳೆಗರಿಗಳ ಸಂಶೋಧನೆಯು ನೆನಪಾಯಿತು. ಒಂದು ಗ್ರಂಥದ ಮೂರು ನಾಲ್ಕು ಪ್ರತಿಗಳು ದೊರೆತಿವೆಯೆನ್ನೋಣ. ಪ್ರತಿಯೊಂದರಲ್ಲಿಯೂ ಗರಿಗಳು ಹಿಂದುಮುಂದಾಗಿವೆ. ಕೆಲವು ಹುಳು ತಿಂದಿವೆ. ಕೆಲವನ್ನು ಲಿಪಿಕಾರನು ತಪ್ಪಾಗಿ ಬರೆದಿದ್ದಾನೆ. ಪಂಡಿತನು ಎಲ್ಲವನ್ನೂ ಹರಡಿಕೊಂಡು ಮೊದಲು ಒರಟಾದ ಒಂದು ಪಾಠವನ್ನು ಕಟ್ಟುವನು. ಆ ಪಾಠದ ಸಹಾಯದಿಂದ ಒಂದೊಂದು ಗರಿಯೂ ಎಲ್ಲಿಗೆ ಸೇರಿದ್ದೆಂದು ಗೊತ್ತುಮಾಡುವನು. ಗರಿಗಳು ಸರಿಯಾದ ಎಡೆಗೆ ಬಂದ ಮೇಲೆ ಪಾಠವು ಮತ್ತಷ್ಟು ಶುದ್ಧವಾಗುವುದು. ಶುದ್ಧವಾದ ಪಾಠದಿಂದ ಗರಿಗಳ ಸ್ಥಾನವು ಮತ್ತಷ್ಟು ಖಚಿತವಾಗುವುದು. ಹೀಗೆ ಹಲವು ಆವೃತ್ತಿ. ತೀರ ಕೆಟ್ಟ ಗರಿಯನ್ನು ಪಕ್ಕಕ್ಕಿಡುವನು.

ಗಣಕಯಂತ್ರವು ಮಾಡುವುದೂ ಇದನ್ನೇ. ಮಿದುಳಿನ ಬಿಲ್ಲೆಗಳನ್ನು ಅಡ್ಡಲಾಗಿ ಒಂದು ಸಲ, ನೀಟವಾಗಿ ಒಂದು ಸಲ, ಮುಂದಿನಿಂದ ಹಿಂದಕ್ಕೆ ಒಂದು ಸಲ, ಹೀಗೆ ಹಲವು ಕಂತೆಗಳಾಗಿ ತೆಗೆಯುವರು. ಇವೇ ಪ್ರತಿಗಳು. ಎಲ್ಲವನ್ನೂ ಸೇರಿಸಿ ಮೊದಲು ಮಸುಕಾದ ಒಂದು ಘನಾಕೃತಿಯನ್ನು ಕಟ್ಟಿ, ಒಂದೊಂದು ಬಿಲ್ಲೆಯನ್ನೂ ತಿರುಗಿಸಿ ಸರಿಸಿ ಅದರೊಳಗೆ ತಕ್ಕ ಎಡೆಯಲ್ಲಿ ಕೂಡಿಸಿ, ಆಕೃತಿಯನ್ನು ಮತ್ತೆ ಕಟ್ಟಿ, ಮತ್ತೆ ಕೂಡಿಸಿ, ಕೆಟ್ಟ ಬಿಲ್ಲೆಗಳನ್ನು ಬಿಡುತ್ತ ಹೋಗುವುದು. ಕೊನೆಗೆ ಎಲ್ಲ ದಿಕ್ಕಿನಲ್ಲಿಯೂ ಒಂದು ಮಿಲಿಮೀಟರಿಗಿಂತ ಸೂಕ್ಷ್ಮವಾದ ಒಂದು ಅಖಂಡವಾದ ಮಿದುಳು ಮೂಡುವುದು. ಅದನ್ನು ಬೇಕಾದ ಕಡೆಯಿಂದ ನೋಡಬಹುದು, ಅಳೆಯಬಹುದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫ್ರಾಂಸ್ವಾ ರೂಸೋ, ಕಾಲಿನ್ ಸ್ಟಡ್‌ಹೋಮ್ ಮೊದಲಾದವರು ೨೦೦೬ರಲ್ಲಿಯೂ, ಲಂಡನಿನಲ್ಲಿ ಜೋಸೆಫ್ ಹಾಯ್ನಲರ ಸಂಗಡಿಗರು ೨೦೦೭ರಲ್ಲಿಯೂ ಈ ಮಾರ್ಗವನ್ನು ತೆರೆದರು. ಬಾಸ್ಟನ್ ಮಕ್ಕಳ ಆಸ್ಪತ್ರೆಯ ಅಲಿ ಘೋಲಿಪುರ್ ೨೦೧೦ರಲ್ಲಿ, ಲಂಡನಿನ ಮರಿಯಾ ಕುಕ್ಲಿಸೋವಾ ಮುರ್ಗಾಸೋವಾ ೨೦೧೨ರಲ್ಲಿ, ಕೆಟ್ಟ ಬಿಲ್ಲೆಗಳನ್ನು ಗುರುತಿಸಿ ಬಿಡುವ ಕ್ರಮವನ್ನು ಬಹುವಾಗಿ ಸುಧಾರಿಸಿದರು.

ಕೆಟ್ಟ ಗರಿಯನ್ನು ಪಕ್ಕಕ್ಕಿಡುವುದಕ್ಕಿಂತ, ಲಿಪಿಕಾರನು ಎದುರಿಗಿರುವಾಗಲೇ ಮತ್ತೊಮ್ಮೆ ಬರೆಯಿಸುವುದು ಮೇಲಲ್ಲವೆ? ಬಾಸ್ಟನಿನವರು ಅದನ್ನೂ ಮಾಡಿದ್ದಾರೆ. ತಾಯಿಯು ಯಂತ್ರದೊಳಗೆ ಮಲಗಿರುವಾಗಲೇ, ಬಂದ ಬಿಲ್ಲೆಯು ಕೆಟ್ಟಿದೆಯೆ ಎಂದು ಗಣಕಯಂತ್ರವು ಒಡನೊಡನೆ ಪರೀಕ್ಷಿಸಿ, ಕೆಟ್ಟಿದ್ದರೆ ಅದನ್ನು ಮಾತ್ರ ಮರಳಿ ತೆಗೆಯಿಸುವ ಏರ್ಪಾಟನ್ನು ೨೦೨೨ರಲ್ಲಿ ಪ್ರಕಟಿಸಿದರು. ನಾವು ಮೇಲೆ ಹೇಳಿದ ಮನೆಯವರ ಎರಡು ರಾತ್ರಿಗಳನ್ನು ಉಳಿಸಬಲ್ಲ ಏರ್ಪಾಟು ಇದು.

ಅಯಸ್ಕಾಂತವನ್ನು ದೊಡ್ಡದು ಮಾಡಿದರೆ ಚಿತ್ರವೂ ಉತ್ತಮವಾಗಲಾರದೆ ಎಂದು ಬುದ್ಧಿವಂತರಾದ ವಾಚಕರು ಕೇಳಬಹುದು. ೩ ಟೆಸ್ಲಾ ಯಂತ್ರಗಳು ಬಂದಿವೆ. ನುಡಿಯು ಬಲವಾಗುವುದೂ ನಿಜ. ಆದರೆ ರೇಡಿಯೋ ತರಂಗವು ಆಗ ಗಿಡ್ಡವಾಗಿ, ಗರ್ಭೋದಕದಿಂದ ತುಂಬಿದ ಒಡಲಿನಲ್ಲಿ ಸಮನಾಗಿ ಹರಡದೆ ಕಪ್ಪು ನೆರಳುಗಳನ್ನು ಬೀಳಿಸುವುದು; ಶರೀರಕ್ಕೆ ತಗಲುವ ಶಾಖವೂ ಹೆಚ್ಚುವುದು. ಶಾಖಕ್ಕೆ ಕಟ್ಟುನಿಟ್ಟಾದ ಮಿತಿಯುಂಟು. ಲಂಡನಿನ ಕಿಂಗ್ಸ್ ಕಾಲೇಜಿನವರಾದರೋ ತಿರುಗಿ ಕೆಳಕ್ಕೆ ಇಳಿದು, ೦.೫೫ ಟೆಸ್ಲಾದ ಯಂತ್ರದಲ್ಲಿಯೇ ಗರ್ಭಸ್ಥ ಶಿಶುಗಳನ್ನು ಸಮರ್ಪಕವಾಗಿ ಚಿತ್ರಿಸಬಹುದೆಂದು ೨೦೨೩ರಲ್ಲಿ ತೋರಿಸಿದ್ದಾರೆ. ಅದರ ಸುರಂಗವು ೮೦ ಸೆಂಟಿಮೀಟರ್ ಅಗಲ. ಸಾಮಾನ್ಯ ಯಂತ್ರಗಳದ್ದು ೬೦ರಿಂದ ೭೦. ಎಂಟು ತಿಂಗಳ ಬಸಿರಿಗೆ ಈ ಹತ್ತು ಸೆಂಟಿಮೀಟರಿನ ಬೆಲೆಯೇನೆಂಬುದನ್ನು ಗಂಡಸರಾದ ನಾವು ವಿವರಿಸಹೋಗುವುದಿಲ್ಲ.

ಇಷ್ಟು ಶ್ರಮಕ್ಕೆ ಫಲವೇನು? ಷೆಫೀಲ್ಡಿನ ಪಾಲ್ ಗ್ರಿಫಿತ್ಸ್ ಮತ್ತು ಸಂಗಡಿಗರು ಬ್ರಿಟನಿನ ಹದಿನಾರು ಕೇಂದ್ರಗಳಲ್ಲಿ, ಅಲ್ಟ್ರಾಸೌಂಡಿನಲ್ಲಿ ಮಿದುಳಿನ ದೋಷದ ಸಂಶಯ ಬಂದ ೫೭೦ ಶಿಶುಗಳನ್ನು ಪರೀಕ್ಷಿಸಿ ೨೦೧೭ರಲ್ಲಿ ವರದಿಯನ್ನು ಕೊಟ್ಟರು. ಅಲ್ಟ್ರಾಸೌಂಡಿನ ನಿರ್ಣಯವು ನೂರಕ್ಕೆ ೬೮ರಲ್ಲಿ ಸರಿಯಾಗಿದ್ದರೆ, ಎಂ.ಆರ್.ಐ. ಕೂಡಿದಾಗ ಅದು ೯೩ ಆಯಿತು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ಚಿಕಿತ್ಸಾಕ್ರಮವೇ ಬದಲಾಯಿತು. ನುರಿತ ಕೈಗಳು ಮಿದುಳನ್ನೇ ಗುರಿಯಾಗಿಟ್ಟು ಅಲ್ಟ್ರಾಸೌಂಡ್ ಮಾಡಿದಲ್ಲಿ ಇವೆರಡರ ಅಂತರವು ಇಷ್ಟು ದೊಡ್ಡದಿರದೆಂದು ಆಕ್ಷೇಪಿಸಿದವರೂ ಉಂಟು. ಆ ಮಾತು ನಮಗೂ ಒಪ್ಪಿಗೆಯೇ. ಆದರೆ ನುರಿತ ಕೈಗಳು ಎಲ್ಲ ಊರಿನಲ್ಲಿಯೂ ಇರಬೇಕಲ್ಲ.

ಚಿತ್ರವು ಸ್ಪಷ್ಟವಾದರೂ ಸಹಜವೆಂದರೆ ಯಾವುದೆಂಬುದು ತಿಳಿದಿರಬೇಕು. ಇಪ್ಪತ್ತನೆಯ ವಾರದಲ್ಲಿ ಶಿಶುವಿನ ಮಿದುಳು ಸಿಪ್ಪೆ ಸುಲಿದ ಬಾದಾಮಿಯಂತೆ ನುಣುಪು. ಹುಟ್ಟುವ ಹೊತ್ತಿಗೆ ಅಕ್ರೋಟಿನಂತೆ ಮಡಿಕೆ ಮಡಿಕೆ. ಇಪ್ಪತ್ತನೆಯ ವಾರದಲ್ಲಿ ಯಾವುದು ಸಹಜವೋ ಅದೇ ಮೂವತ್ತೆರಡನೆಯ ವಾರದಲ್ಲಿ ರೋಗ. ಆದುದರಿಂದ ವಾರವಾರದ ನಕ್ಷೆ ಬೇಕು. ಬಾಸ್ಟನಿನವರು ೮೧ ಆರೋಗ್ಯವಂತ ಶಿಶುಗಳ ಚಿತ್ರಗಳಿಂದ ೧೯ರಿಂದ ೩೯ನೆಯ ವಾರದವರೆಗಿನ ಇಂಥ ನಕ್ಷೆಯನ್ನು ೨೦೧೭ರಲ್ಲಿ ಹೊರತಂದರು. ನಮ್ಮ ದೇಶದಲ್ಲಿ, ಮದರಾಸಿನ ಐ.ಐ.ಟಿ.ಯವರು ಬೇರೊಂದು ಬಗೆಯಿಂದ ಈ ಕೆಲಸಕ್ಕೆ ಕೈಹಾಕಿ, ಜೀವವಿಲ್ಲದ ಶಿಶುಗಳ ಮಿದುಳನ್ನು ಅತಿ ತೆಳುವಾಗಿ ಕತ್ತರಿಸಿ, ೧೪ರಿಂದ ೨೪ನೆಯ ವಾರದವರೆಗಿನ ೫೧೩೨ ಛೇದಗಳ ಚಿತ್ರಗಳನ್ನು ಧರಣಿ ಎಂಬ ಹೆಸರಿನಿಂದ ೨೦೨೪ರ ಡಿಸೆಂಬರಿನಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ಅಲ್ಲಿಯ ಮಿದುಳು ಕೇಂದ್ರಕ್ಕೆ ನಮ್ಮ ಬೆಂಗಳೂರಿನ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಧನಸಹಾಯವಿದೆಯೆಂಬುದು ಸಂತೋಷದ ವಿಷಯ.

ಈಚೆಗೆ, ಸಾವಿರಾರು ಚಿತ್ರಗಳನ್ನು ನೋಡಿ ತಾನೇ ಕಲಿಯುವ ಗಣಕಯಂತ್ರಗಳಿಂದ ಬಿಲ್ಲೆಗಳ ಜೋಡಣೆಯನ್ನೂ, ಮಿದುಳಿನ ಭಾಗಗಳ ವಿಂಗಡಣೆಯನ್ನೂ ಮಾಡಿಸುತ್ತಿರುವರು. ಜೂರಿಕ್ ನಗರದ ಮಕ್ಕಳ ಆಸ್ಪತ್ರೆಯವರು ೨೦೨೧ರಲ್ಲಿ ಇದಕ್ಕಾಗಿ ಒಂದು ಸ್ಪರ್ಧೆಯನ್ನೇ ಏರ್ಪಡಿಸಿದ್ದರು. ಕೆಲಸವು ಶೀಘ್ರವಾಗುವುದರಲ್ಲಿ ಸಂದೇಹವಿಲ್ಲ. ಆದರೆ ಪಾಠಸಂಶೋಧಕರಲ್ಲಿ ಒಂದು ಮರ್ಯಾದೆಯುಂಟು: ಗರಿಯು ಹರಿದುಹೋದಲ್ಲಿ ತನ್ನ ಊಹೆಯಿಂದ ಅಕ್ಷರವನ್ನು ತುಂಬಿದರೆ ಅದನ್ನು ಕಂಸದೊಳಗಿಟ್ಟು ತೋರಿಸಬೇಕು. ಸಹಜವಾದ ಮಿದುಳುಗಳನ್ನೇ ಹೆಚ್ಚಾಗಿ ನೋಡಿ ಕಲಿತ ಯಂತ್ರವು, ಮಸುಕಾದೆಡೆಯಲ್ಲಿ ಸಹಜವಾದುದನ್ನೇ ತುಂಬಿ ಅಂದವಾಗಿ ಬರೆದುಬಿಡಬಹುದು. ಶಿಶುವಿನಲ್ಲಿ ನಿಜವಾಗಿ ಇಲ್ಲದ ಸೇತುವೆಯು ಚಿತ್ರದಲ್ಲಿ ಇರುವಂತೆ ತೋರಿದರೆ ಆ ಅಂದದಿಂದ ಪ್ರಯೋಜನವೇನು? ಇದನ್ನು ಬಲ್ಲ ವೈದ್ಯರು ಜೋಡಿಸಿದ ಆಕೃತಿಯ ಜೊತೆಗೆ ಮೂಲದ ಬಿಲ್ಲೆಗಳನ್ನೂ ಎದುರಿಗಿಟ್ಟುಕೊಂಡೇ ನಿರ್ಣಯ ಹೇಳುವರು. ಈ ಅಭ್ಯಾಸವನ್ನು ಅವರು ಎಂದಿಗೂ ಬಿಡಬಾರದೆಂದು ನಮ್ಮ ಪ್ರಾರ್ಥನೆ.

ಪರೀಕ್ಷೆಗೆ ಹೋಗಬೇಕಾಗಿ ಬಂದ ಸೋದರಿಯರಿಗೆ ಎರಡು ಮಾತು. ಸಾಮಾನ್ಯವಾಗಿ ಇಪ್ಪತ್ತನೆಯ ವಾರಕ್ಕೆ ಮೊದಲು ಇದರಿಂದ ಲಾಭವು ಕಡಮೆ. ಗರ್ಭಿಣಿಯರಿಗೆ ಗ್ಯಾಡೋಲಿನಿಯಮ್ ಎಂಬ ಬಣ್ಣದ ಮದ್ದನ್ನು ಸಾಧಾರಣವಾಗಿ ಚುಚ್ಚುವುದಿಲ್ಲ. ಬಳೆ, ಮಾಂಗಲ್ಯ, ಓಲೆ, ಕಾಲುಂಗುರ ಎಲ್ಲವನ್ನೂ ತೆಗೆದಿಡಬೇಕಾಗುವುದು. ಇದನ್ನು ಅಪಶಕುನವೆಂದು ಹಿರಿಯರು ಕಣ್ಣೀರಿಡಬಾರದು, ಅಯಸ್ಕಾಂತಕ್ಕೆ ಶಕುನ ತಿಳಿಯದು. ಶಿಶುವು ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ೧೯೯೪ರ ಕಾಯಿದೆಯಂತೆ ಅಪರಾಧ. ಅಂಗಾತ ಮಲಗಿದರೆ ತುಂಬಿದ ಗರ್ಭವು ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತುವುದರಿಂದ, ಎಡಮಗ್ಗುಲಾಗಿ ಮಲಗುವೆನೆಂದು ಸಂಕೋಚವಿಲ್ಲದೆ ಕೇಳಬೇಕು. ಯಂತ್ರದ ಬಡಿತವು ತಗಡಿನ ಮಾಡಿನ ಮೇಲೆ ಕಲ್ಲು ಬಿದ್ದಂತೆ ಜೋರಾಗಿರುವುದು. ಕಿವಿಗೆ ಇಡಲು ಅವರೇ ಕೊಡುವರು. ಅರ್ಧ ಮುಕ್ಕಾಲು ಗಂಟೆಯ ಕೆಲಸ. ಒಳಗೆ ಶಿಶುವು ಒದ್ದರೆ ಹೆದರಿ ಉಸಿರು ಬಿಗಿಹಿಡಿಯಬೇಕಾಗಿಲ್ಲ. ಅದಕ್ಕೋಸ್ಕರವೇ ಅವರು ಒಂದೇ ಮಿದುಳನ್ನು ಮೂರು ಕಡೆಯಿಂದಲೂ ಮತ್ತೆ ಮತ್ತೆ ಚಿತ್ರಿಸುತ್ತಿರುವುದು.